ಮೌನಪ್ಪನವರ ಮೇಜಿನ ಮೇಲಿನ ಊರು

ಮೌನಪ್ಪನವರು ತಮ್ಮ ಊರನ್ನು ನೋಡುವ ರೀತಿಯೇ ಬೇರೆಯಿತ್ತು. ಮೊದಲು ಬಾಗಿ ಕೆನ್ನೆಯನ್ನು ಹಲಗೆಗೆ ಒತ್ತುತ್ತಿದ್ದರು. ಎಡಗಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಎರಡು ಸಾಲು ಮನೆಗಳ ನಡುವಿನ ಬೀದಿಯುದ್ದಕ್ಕೂ ಬಲಗಣ್ಣು ಹಾಯಿಸುತ್ತಿದ್ದರು. ಆ ಬೀದಿಯ ಅಗಲ ಮೂರು ಬೆರಳು. ಮನೆಗಳ ಎತ್ತರ ಅರ್ಧ ಗೇಣು. "ಮ್ಯಾಲಿಂದ ನೋಡಿದ್ರ ಎಲ್ಲಾ ಊರೂ ಚಲೋನ ಕಾಣ್ತಾವು ತಂಗಿ. ಬೀದ್ಯಾಗ ನಿಂತು ನೋಡಬೇಕು" ಎನ್ನುತ್ತಿದ್ದರು. ಎದ್ದಾಗ ಕೆನ್ನೆಯ ಮೇಲೆ ಸಣ್ಣ ಮರಳು ಅಂಟಿಕೊಂಡಿರುತ್ತಿತ್ತು. ಅದನ್ನು ಒರೆಸಿಕೊಳ್ಳದೆ ಹಾಗೇ ಆಫೀಸಿಗೆ ಬಂದ ದಿನಗಳೂ ಉಂಟು.

ನಾನು ಕಂಪ್ಲಿಯವಳು. ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಡ್ಯಾಮಿನ ಬಳಿಯ ಕಾಲುವೆ ಕಚೇರಿಗೆ ಟೈಪಿಸ್ಟ್ ಆಗಿ ಸೇರಿದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಅಪ್ಪ ಇರಲಿಲ್ಲ. ಅವ್ವನನ್ನು ಕರೆದುಕೊಂಡು ಹೊಸಪೇಟೆಯಲ್ಲಿ ಮನೆ ಹುಡುಕುತ್ತಿದ್ದಾಗ, ಅದೇ ಕಚೇರಿಯ ಬಡಿಗ ಮೌನಪ್ಪನವರು ಚಿತ್ತವಾಡ್ಗಿಯ ತಮ್ಮ ಮನೆಯ ಮುಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟರು. ಅವರಿಗೆ ಆಗ ಐವತ್ತರ ಸುಮಾರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು ಕಾಳಮ್ಮನನ್ನು ಬಂಡ್ರಿಗೆ ಕೊಟ್ಟಿದ್ದರು. "ಬಾಡಿಗಿ ಆಸೆಗಲ್ಲ ಅಕ್ಕಾ. ಮುಂದಿನ ಬಾಗಲದಾಗ ಮಂದಿ ಮಾತಾಡೋ ಸಪ್ಪಳ ಇರ್ಲಿ ಅಂತ" ಎಂದು ಅವ್ವನಿಗೆ ಹೇಳಿದ್ದರು. ನಾನು ಅವರನ್ನು ಕಾಕಾ ಎಂದು ಕರೆಯತೊಡಗಿದೆ.

ಕಚೇರಿಯಲ್ಲಿ ಅವರನ್ನು ಎಲ್ಲರೂ ಮಾಡೆಲ್ ಮೌನಪ್ಪ ಎನ್ನುತ್ತಿದ್ದರು. ಡ್ಯಾಮು ಕಟ್ಟುವಾಗ ಕಾಂಕ್ರೀಟಿಗೆ ಹಲಗೆ ಹೊಡೆಯುವ ಬಡಿಗರಾಗಿ ಸೇರಿದವರು ಅವರು. ಕೈ ನಯವಾಗಿದೆ ಎಂದು ಯಾರೋ ಇಂಜಿನಿಯರು ಅವರನ್ನು ಮಾಡೆಲ್ ರೂಮಿಗೆ ಹಾಕಿದ್ದರು. ಕಾಲುವೆ, ತೂಬು, ಗೇಟು, ಕಾಲುವೆಯ ಕೆಳಗಿನ ಹಳ್ಳಿಗಳು ಎಲ್ಲವನ್ನೂ ಕಟ್ಟಿಗೆ ಮತ್ತು ಮಣ್ಣಿನಲ್ಲಿ ಚಿಕ್ಕದಾಗಿ ಮಾಡಿ, ನೋಡಲು ಬಂದ ದೊಡ್ಡ ಮನುಷ್ಯರಿಗೆ ತೋರಿಸುವುದು ಅಲ್ಲಿಯ ಕೆಲಸ. "ಕೆನಾಲ್ ಹೊಲಕ್ಕ ಬರೂಕಿಂತ ಮುಂಚೆ ನನ್ನ ಮೇಜಿನ ಮ್ಯಾಲೆ ಹರಿದೈತಿ" ಎಂಬುದು ಅವರ ಹೆಮ್ಮೆ. ಆದರೆ ನಾನು ಸೇರುವ ಹೊತ್ತಿಗೆ ನಿಜವಾದ ನೀರೇ ಊರೂರಿಗೆ ಹೋಗಿ ಮುಟ್ಟಿತ್ತು. ಭತ್ತ ಎರಡು ಬೆಳೆ ಬರುತ್ತಿತ್ತು, ಕಬ್ಬಿನ ಲಾರಿಗಳು ಸಾಲುಗಟ್ಟುತ್ತಿದ್ದವು, ಬಾಳೆಯ ತೋಟಗಳು ರಸ್ತೆಯವರೆಗೂ ಬಂದಿದ್ದವು. ಕಾಲುವೆ ಎಲ್ಲಿ ಹರಿಯುತ್ತದೆ ಎಂದು ತಿಳಿಯಲು ಮಾಡೆಲ್ ನೋಡುವ ಅಗತ್ಯ ಯಾರಿಗೂ ಇರಲಿಲ್ಲ. ಮೌನಪ್ಪನವರು ಹತ್ತರಿಂದ ಐದರವರೆಗೆ ಧೂಳು ಹಿಡಿದ ಆ ರೂಮಿನಲ್ಲಿ ಒಬ್ಬರೇ ಕೂತು, ಬಣ್ಣ ಹೋದ ಗೇಟುಗಳಿಗೆ ಮತ್ತೆ ಬಣ್ಣ ಬಳಿಯುತ್ತಿದ್ದರು.

ಅವರ ನಿಜವಾದ ಕೆಲಸವೆಲ್ಲ ಮನೆಯ ಹಿಂದಿನ ಕೋಣೆಯಲ್ಲಿತ್ತು. ಬಾಡಿಗೆಗೆ ಬಂದ ಎರಡನೆಯ ದಿನವೇ ನನ್ನನ್ನೂ ಅವ್ವನನ್ನೂ ಕರೆದು ತೋರಿಸಿದರು. ಎಂಟು ಅಡಿ ಉದ್ದ, ಐದು ಅಡಿ ಅಗಲದ ಹಲಗೆಯ ಮೇಲೆ ಒಂದು ಇಡೀ ಊರು. ಹುಲ್ಲು ಹೊದಿಸಿದ ಕಡಿದಾದ ಚಾವಣಿಯ ಮನೆಗಳು, ಬಿಳಿ ಗೋಡೆಗಳ ಮೇಲೆ ಅಡ್ಡಡ್ಡ ಕಪ್ಪು ತೊಲೆಗಳು, ಚೌಕ ಗೋಪುರದ ಒಂದು ಚರ್ಚು, ಅದರ ಪಕ್ಕದಲ್ಲಿ ಗೋರಿಕಲ್ಲುಗಳು. ಒಂದು ಕೊಳ, ಒಂದು ಹೊಳೆ, ಹೊಳೆಗೆ ಕಲ್ಲಿನ ಸೇತುವೆ, ಸೇತುವೆಯ ಬಳಿ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ. ಹೊಲಗಳ ಸುತ್ತ ಹಸಿರು ಬೇಲಿ. ಅವ್ವ ಬೆರಗಾಗಿ "ಇದು ಯಾವ ದೇಶದ್ದಪ್ಪಾ?" ಎಂದಳು.

"ವಿಲಾಯತಿದು ಅಕ್ಕ. ಅದೂ ಈಗಿಂದಲ್ಲ, ಮುನ್ನೂರು ವರ್ಷದ ಹಿಂದಿಂದು."

"ನೀನು ಹೋಗಿದ್ದೇನು?"

"ನಾನು ಗುಂತಕಲ್ಲಿನಾಚೆ ಹೋಗಿಲ್ಲ."

ಆಮೇಲೆ ಒಂದೊಂದನ್ನೇ ಮುಟ್ಟಿ ಹೇಳಿದರು. ಚಾವಣಿಯ ಹುಲ್ಲೆಂದರೆ ಬಾಳೆ ನಾರು, ಬಿಸಿಲಿಗೆ ಒಣಗಿಸಿ ಬಾಚಣಿಗೆಯಿಂದ ಬಾಚಿದ್ದು. ಬೇಲಿ ಒಣಗಿದ ಹೀರೇಕಾಯಿಯ ಜಾಳಿಗೆ. ಅದಕ್ಕೆ ಹಸಿರು ಬಣ್ಣ. ತೊಲೆಗಳು ಬಿದಿರಿನ ಸೀಳು. ಇಟ್ಟಿಗೆಯ ಚಿಮಣಿಗೆ ಬಳಿದದ್ದು ಸಂಡೂರಿನ ಕೆಂಪು ಅದಿರಿನ ಪುಡಿ. ಕೊಳ ಒಂದು ಗಾಜಿನ ತುಂಡು, ಅಡಿಯಲ್ಲಿ ಬಣ್ಣ. ದಾರಿಯ ಮಣ್ಣು ಮಾತ್ರ ನಮ್ಮ ಹೊಳೆಯದೇ, ಧೋತರದಲ್ಲಿ ಮೂರು ಸಲ ಜರಡಿ ಹಿಡಿದ ಮರಳು. ಇಂಚಿನ ಎಂಟನೆಯ ಭಾಗಕ್ಕೆ ಬಡಿಗರು ನೂಲು ಎನ್ನುತ್ತಾರೆ. ಮೌನಪ್ಪನವರು ಆ ನೂಲಿನಲ್ಲೂ ಅರ್ಧ, ಕಾಲು ಎಂದು ಅಳೆಯುತ್ತಿದ್ದರು. ಮುಂದೊಮ್ಮೆ ದುರಸ್ತಿ ಮಾಡುವಾಗ ಒಂದು ಮನೆಯ ಬಾಗಿಲು ಅರ್ಧ ನೂಲು ಎತ್ತರವಾಯಿತೆಂದು ಇಡೀ ಗೋಡೆ ಕಿತ್ತು ಹಾಕಿದ್ದನ್ನು ನಾನೇ ನೋಡಿದ್ದೇನೆ. ಯಾರಿಗೂ ಕಾಣುವುದಿಲ್ಲವಲ್ಲ ಕಾಕಾ ಎಂದರೆ, "ಆ ಮನ್ಯಾಗ ಇರೋರಿಗೆ ಕಾಣ್ತೈತಿ" ಎಂದಿದ್ದರು.

ಈ ಊರು ಕಟ್ಟಿಸಿದವರು ಪೆಲ್ ಸಾಹೇಬರು. ಸಂಡೂರಿನ ಕಡೆಯ ಒಂದು ಗಣಿಗೆ ಯಂತ್ರ ಕೂಡಿಸಲು ಇಂಗ್ಲೆಂಡಿನಿಂದ ಬಂದಿದ್ದ ಇಂಜಿನಿಯರು. ಮದುವೆಯಾಗಿರಲಿಲ್ಲ. ಡ್ಯಾಮು ನೋಡಲು ಬಂದವರು ಮಾಡೆಲ್ ರೂಮಿಗೂ ಬಂದು, ಅಲ್ಲಿಯ ಪುಟ್ಟ ಹಳ್ಳಿಗಳ ಮುಂದೆ ಬಹಳ ಹೊತ್ತು ನಿಂತರಂತೆ. ಮುಂದಿನ ಭಾನುವಾರ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಚಿತ್ತವಾಡ್ಗಿಯ ಮನೆಗೇ ಬಂದರಂತೆ. ಪೆಟ್ಟಿಗೆಯ ತುಂಬ ಸೀಸದ ಸೈನಿಕರು, ಒಬ್ಬೊಬ್ಬ ಹೆಬ್ಬೆರಳಿನ ಗೆಣ್ಣಿನಷ್ಟು. ಚಿಕ್ಕಂದಿನಲ್ಲಿ ಸಾಹೇಬರೂ ಅವರ ತಮ್ಮನೂ ಸೇರಿ ಆಡುತ್ತಿದ್ದ ಯುದ್ಧದಾಟದವು. ತಮ್ಮ ದೊಡ್ಡವನಾಗಿ ನಿಜವಾದ ಯುದ್ಧಕ್ಕೆ ಹೋಗಿ ಅಲ್ಲೇ ಸತ್ತ. ಅಲ್ಲಿಂದಾಚೆಗೆ ಸಾಹೇಬರು ಆ ಪೆಟ್ಟಿಗೆಯನ್ನು ಯಾವ ದೇಶಕ್ಕೆ ಹೋದರೂ ಹೊತ್ತೊಯ್ಯುತ್ತಿದ್ದರು, ಬಿಚ್ಚಿರಲಿಲ್ಲ. ತಮ್ಮ ಊರಿನ ಫೋಟೋಗಳನ್ನೂ, ಮುನ್ನೂರು ವರ್ಷಗಳ ಹಿಂದೆ ಅದು ಹೇಗಿತ್ತೆಂದು ತಾವೇ ಬರೆದ ನಕ್ಷೆಯನ್ನೂ ಮುಂದಿಟ್ಟು, ಇದನ್ನು ಕಟ್ಟಿಕೊಡುತ್ತೀರಾ ಎಂದು ಜೀಪಿನ ಡ್ರೈವರನ ಬಾಯಿಂದ ಕನ್ನಡದಲ್ಲಿ ಕೇಳಿಸಿದರು. ಆ ಕಾಲದಲ್ಲಿ ಅವರ ದೇಶದ ರಾಜನಿಗೂ ಜನರ ಸಭೆಗೂ ದೊಡ್ಡ ಕಾಳಗ ನಡೆದಿತ್ತಂತೆ. ಆಟ ಅದರದ್ದೇ.

"ನಿಮ್ಮ ರಾಜ ಒಳ್ಳೇವನೇನ್ರಿ ಅಂತ ಕೇಳ್ದೆ" ಎಂದು ಮೌನಪ್ಪನವರು ನಗುತ್ತ ಹೇಳುತ್ತಿದ್ದರು. "ಅಷ್ಟೇನೂ ಅಲ್ಲ ಅಂದ್ರು. ಹಂಗಾದ್ರ ನಾನು ಮಂದಿ ಕಡಿ, ನೀವು ರಾಜನ ಕಡಿ ಅಂದೆ."

ಊರು ಮುಗಿಯಲು ಎರಡು ವರ್ಷ ಹಿಡಿದಿತ್ತಂತೆ; ಅದೆಲ್ಲ ನಾನು ಬರುವ ಮುಂಚೆ. ನಾನು ಅಲ್ಲಿಗೆ ಹೋದ ಮೊದಲ ವರ್ಷ ಪ್ರತಿ ಭಾನುವಾರ ಆಟ ನಡೆಯುತ್ತಿತ್ತು. ಕೆಂಪು ಧೂಳು ಮೆತ್ತಿದ ಜೀಪು ಓಣಿಯಲ್ಲಿ ನಿಲ್ಲುತ್ತಿತ್ತು. ಸಾಹೇಬರು ಆರಡಿಗೂ ಮಿಕ್ಕಿದ ಎತ್ತರ. ಹಿಂದಿನ ಕೋಣೆಯ ಬಾಗಿಲು ಅವರ ಹಣೆಗೆ ಬಡಿಯುತ್ತದೆಂದು ಮೌನಪ್ಪನವರು ಮೇಲಿನ ಕಟ್ಟಿಗೆಗೆ ಗೋಣಿತಟ್ಟು ಸುತ್ತಿದ್ದರು. ಇವರಿಗೆ ಇಂಗ್ಲಿಷ್ ಬರದು, ಅವರಿಗೆ ಕನ್ನಡ ನಾಲ್ಕು ಮಾತು. ಆದರೂ ಜಗಳ ಬರುತ್ತಿರಲಿಲ್ಲ, ಏಕೆಂದರೆ ಆಟವೆಲ್ಲ ಇಂಚಿನಲ್ಲಿತ್ತು. ಒಂದು ಸರದಿಗೆ ಕಾಲಾಳು ಆರು ಇಂಚು, ಕುದುರೆ ಹನ್ನೆರಡು ಇಂಚು. ಏಟು ಬಿದ್ದ ತುಕಡಿ ನಿಲ್ಲುತ್ತದೋ ಓಡುತ್ತದೋ ಎಂಬುದಕ್ಕೆ ದಾಳ ಹಾಕಬೇಕು. ಮಧ್ಯಾಹ್ನ ಅವ್ವ ಮಂಡಕ್ಕಿ, ಮಿರ್ಚಿ ಮಾಡಿ ಕಳಿಸುತ್ತಿದ್ದಳು. ಸಾಹೇಬರು ಕಣ್ಣಲ್ಲಿ ನೀರು ತುಂಬಿಕೊಂಡು "ಭಾಳ ಚಲೋ" ಎಂದು ಇನ್ನೊಂದು ಮಿರ್ಚಿಗೆ ಕೈಹಾಕುತ್ತಿದ್ದರು.

ಓಣಿಯವರಿಗೆ ಇದೆಲ್ಲ ತಮಾಷೆ. "ಮೌನಪ್ಪ ಮುದುಕಾದ ಮ್ಯಾಲೆ ಗೊಂಬಿ ಆಡಾಕ ಹತ್ಯಾನ" ಎನ್ನುತ್ತಿದ್ದರು. ದಸರೆಯಲ್ಲಿ ಹೆಂಗಸರು ಗುಂಪಾಗಿ ನೋಡಲು ಬರುತ್ತಿದ್ದರು. ಒಂದು ಸಲ ಪಕ್ಕದ ಮನೆಯ ಅಜ್ಜಿಯೊಬ್ಬಳು ಚರ್ಚಿನ ಗೋಪುರ ಕಂಡು ಯಾವುದೋ ಗುಡಿಯೆಂದುಕೊಂಡು ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಕೈಮುಗಿದು ಹೋದಳು. ಅವತ್ತು ಸಾಹೇಬರೂ ಇದ್ದರು. ನಾನು ಗಾಬರಿಯಾಗಿ ಒರೆಸಲು ಹೋದರೆ ಇಬ್ಬರೂ ಒಟ್ಟಿಗೇ ಬೇಡವೆಂದು ಕೈ ಆಡಿಸಿದರು. ಆ ಸರದಿಯನ್ನು ಚೆಂಡುಹೂವಿನ ಸುತ್ತಲೇ ಆಡಿದರು.

ಗಣಿಯ ಕೆಲಸ ಮುಗಿದು ಸಾಹೇಬರು ಊರಿಗೆ ಮರಳುವ ದಿನ ಬಂದಾಗ ಆಟ ಅರ್ಧದಲ್ಲಿತ್ತು. ಅದು ಕೊನೆಯ ಭಾನುವಾರ. ಸಾಹೇಬರು ಪೆಟ್ಟಿಗೆ ತೆಗೆದುಕೊಳ್ಳಲಿಲ್ಲ. ಸೈನಿಕರು ನಿಂತಲ್ಲೇ ನಿಂತಿರಲಿ ಎಂದರು. ಆಟವನ್ನು ಕಾಗದದ ಮೇಲೆ ಮುಂದುವರಿಸುವುದೆಂದು ತೀರ್ಮಾನವಾಯಿತು. ಮೌನಪ್ಪನವರು ಊರಿನ ನಕ್ಷೆ ಬರೆದು, ಅದರ ಮೇಲೆ ಇಂಚಿಂಚಿಗೆ ಗೆರೆ ಎಳೆದು ಅಂಕಿ ಹಾಕಿ, ಎರಡು ಪ್ರತಿ ತೆಗೆದು ಒಂದನ್ನು ಅವರಿಗೆ ಕೊಟ್ಟರು. ಜೀಪು ಹೊರಟ ಮೇಲೆ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು: "ತಂಗಿ, ನಿನ್ನ ಮಿಷನ್ ಮ್ಯಾಲೆ ನಂದೊಂದು ಕಾಗದ ಬಡೀತೀಯೇನು, ತಿಂಗಳಿಗೋ ಎರಡು ತಿಂಗಳಿಗೋ ಒಂದು?"

ಹಾಗೆ ಶುರುವಾಯಿತು. ಆಫೀಸು ಬಿಟ್ಟ ಮೇಲೆ ಅವರು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಟೈಪು ಮಾಡುತ್ತಿದ್ದೆ. ನೀಲಿ ಏರ್ ಲೆಟರಿನ ಮೇಲೆ ಸಾಹೇಬರ ಉತ್ತರ ಬಂದರೆ ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಒಂದು ಸರದಿಗೆ ಹೆಚ್ಚುಕಡಿಮೆ ಎರಡು ತಿಂಗಳು. ಈ ತುಕಡಿ ಇಲ್ಲಿಂದ ಇಲ್ಲಿಗೆ, ಆ ಕುದುರೆಗಳು ಅಲ್ಲಿಂದ ಅಲ್ಲಿಗೆ. ಅದರ ಕೆಳಗೆ ಎರಡು ಮೂರು ಸಾಲು ಮನೆಯ ಮಾತು. ಅಲ್ಲಿ ಮಳೆ ನಿಂತಿಲ್ಲ, ಮೊಣಕಾಲು ನೋವು, ನಾಯಿ ಸತ್ತಿತು. ಇಲ್ಲಿ ಕೆನಾಲಿಗೆ ನೀರು ಬಿಟ್ಟರು, ಮಗಳಿಗೆ ಗಂಡು ಮಗುವಾಯಿತು, ಗಿರಣಿಯ ಚಕ್ರಕ್ಕೆ ಹೊಸ ಹಲ್ಲು ಹಾಕಿದೆ.

ಆಟದಲ್ಲಿ ನನಗೆ ಸೋಜಿಗ ಅನ್ನಿಸುತ್ತಿದ್ದದ್ದು ದಾಳ. ಇಲ್ಲಿ ಇವರು ಒಬ್ಬರೇ ಕೂತು ದಾಳ ಹಾಕಿ ಬಿದ್ದದ್ದನ್ನು ಬರೆಸಬೇಕು, ಅಲ್ಲಿ ಅವರು ಒಬ್ಬರೇ ಹಾಕಿ ಬಿದ್ದದ್ದನ್ನು ಬರೆಯಬೇಕು. ನೋಡುವವರು ಯಾರೂ ಇಲ್ಲ. ಒಂದು ಸಲ ಮೌನಪ್ಪನವರಿಗೆ ಒಂದು ಬಿದ್ದು, ಎಂಟು ತಿಂಗಳಿಂದ ಕಾಪಾಡಿಕೊಂಡು ಬಂದಿದ್ದ ತುಕಡಿ ಹೋಗುವ ಹಾಗಾಯಿತು. ನಾನು "ಇನ್ನೊಮ್ಮೆ ಹಾಕ್ರಿ ಕಾಕಾ, ಯಾರಿಗೆ ಗೊತ್ತಾಗ್ತದ" ಎಂದೆ. ಅವರು ನನ್ನ ಮುಖವನ್ನೇ ನೋಡಿ, "ಒಂದು ಅಂತ ಬಡಿ" ಎಂದರು.

ಎಂಟೊಂಬತ್ತು ವರ್ಷ ಹೀಗೆ ನಡೆಯಿತು. ಆ ವರ್ಷಗಳಲ್ಲಿ ನಮ್ಮ ಓಣಿ ಬದಲಾಯಿತು. ಕಾಲುವೆ ನೀರಿನ ಹೊಲ ಇದ್ದವರು ಸಿಮೆಂಟಿನ ಮಹಡಿ ಕಟ್ಟಿಸಿದರು, ಮೋಟಾರ್ ಸೈಕಲ್ ತಂದರು. ಹೊಸ ಮನೆಗಳಿಗೆ ಬಾಗಿಲು ಕಿಟಕಿ ಮಾಡಿಕೊಡು ಎಂದು ಮೌನಪ್ಪನವರನ್ನು ಎಷ್ಟೋ ಮಂದಿ ಕರೆದರು; ಅವರು ಹೋಗಲಿಲ್ಲ. ನನ್ನ ಮದುವೆಯ ಮಾತು ಎರಡು ಸಲ ಬಂದು ನಿಂತುಹೋಯಿತು. ಮೌನಪ್ಪನವರ ಸೈನ್ಯ ಕಡೆಗೂ ಸೇತುವೆಯವರೆಗೆ ಬಂದು, ಅದನ್ನು ಕಾಯುತ್ತಿದ್ದ ರಾಜನ ಕಾಲಾಳುಗಳ ಮೇಲೆ ಬಿತ್ತು. ಈಗ ಸಾಹೇಬರು ದಾಳ ಹಾಕಬೇಕು. ಐದು ಅಥವಾ ಆರು ಬಿದ್ದರೆ ಅವರ ಮಂದಿ ನಿಲ್ಲುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಆರು ಇಂಚು ಹಿಂದೆ ಸರಿಯುತ್ತಾರೆ, ಸೇತುವೆ ಇವರದಾಗುತ್ತದೆ. ಆ ಕಾಗದ ಟೈಪು ಮಾಡಿ ಹಾಕಿದೆವು.

ಉತ್ತರ ಬರಲಿಲ್ಲ.

ಎರಡು ತಿಂಗಳು ಕಾಯ್ದೆವು, ನಾಲ್ಕು ತಿಂಗಳು ಕಾಯ್ದೆವು. ಮತ್ತೊಂದು ಕಾಗದ ಬರೆದೆವು, ಅದಕ್ಕೂ ಇಲ್ಲ. ಅದೇ ವರ್ಷ ಮೌನಪ್ಪನವರು ರಿಟೈರ್ ಆದರು. ಮಾಡೆಲ್ ರೂಮಿಗೆ ಬೀಗ ಬಿತ್ತು. ಹೋಗಲು ಆಫೀಸೂ ಇಲ್ಲದೆ ಅವರು ಬೆಳಿಗ್ಗೆ ಹನ್ನೊಂದಕ್ಕೆ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ಸಾಹೇಬರ ಕಾಗದ ಬರುತ್ತಿದ್ದದ್ದು ನನ್ನ ಆಫೀಸಿನ ವಿಳಾಸಕ್ಕೆ, ಮನೆಗಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ಪೋಸ್ಟ್‌ಮ್ಯಾನ್ ಓಣಿ ದಾಟಿ ಹೋಗುವವರೆಗೆ ಕೂತಿರುತ್ತಿದ್ದರು. ಸಂಜೆ ನಾನು ಬಂದೊಡನೆ ನನ್ನ ಕೈಚೀಲದ ಕಡೆ ಒಮ್ಮೆ ನೋಡುತ್ತಿದ್ದರು, ಅಷ್ಟೇ. ಅವ್ವ ಕೊಟ್ಟ ರೊಟ್ಟಿ ತಟ್ಟೆಯಲ್ಲೇ ಒಣಗುತ್ತಿತ್ತು.

ನೋಡಲಾಗದೆ ನಾನೊಂದು ಕೆಲಸ ಮಾಡಿದೆ. ಇಂದಿಗೂ ನೆನೆದರೆ ಮೈ ಹಿಡಿಯಾಗುತ್ತದೆ. ಹಳೆಯ ಏರ್ ಲೆಟರ್ ಒಂದನ್ನು ಚೀಲದಲ್ಲಿಟ್ಟುಕೊಂಡು ಬಂದು, "ಕಾಕಾ, ಸಾಹೇಬರ ಕಾಗದ" ಎಂದೆ. ಅವರು ಕಟ್ಟೆಯಿಂದ ಎದ್ದ ರೀತಿ ನೋಡಿಯೇ ಹೀಗೆ ಮಾಡಬಾರದಿತ್ತು ಅನ್ನಿಸಿತು. ಆದರೆ ಅಷ್ಟರಲ್ಲಿ ತಡವಾಗಿತ್ತು. ಕಾಗದ ಬಿಚ್ಚಿ, ಅದರಲ್ಲಿ ಇಲ್ಲದ್ದನ್ನು ಓದಿದೆ. ಆರೋಗ್ಯ ಸರಿ ಇರಲಿಲ್ಲ, ಅದಕ್ಕೇ ತಡವಾಯಿತು. ದಾಳ ಆರು ಬಿದ್ದಿದೆ, ನನ್ನ ಮಂದಿ ಸೇತುವೆ ಬಿಡುವುದಿಲ್ಲ. ನನ್ನ ಕುದುರೆಗಳು ಚರ್ಚಿನ ಪಕ್ಕದಿಂದ, ಗೋರಿಗಳ ನಡುವೆ ಹಾದು, ನಿಮ್ಮ ಬೆನ್ನಿಗೆ ಬರುತ್ತಿವೆ. ಆಟ ಬಿರುಸಾಗಲಿ ಎಂದು ನಾನೇ ಕಟ್ಟಿದ ನಡೆ ಅದು.

ಮೌನಪ್ಪನವರು ಕುದುರೆಗಳನ್ನು ಎತ್ತಿ, ಅಳತೆಕೋಲು ಇಟ್ಟು, ಗೋರಿಗಳವರೆಗೆ ತಂದರು. ಅಲ್ಲಿ ಅವರ ಕೈ ನಿಂತಿತು. ಆಮೇಲೆ ಒಂದೊಂದೇ ಕುದುರೆಯನ್ನು ಎತ್ತಿ ಮೊದಲಿದ್ದ ಜಾಗಕ್ಕೇ ಇಟ್ಟರು.

"ತಂಗಿ, ನೀ ಓದಿದ್ದು ಚಲೋ ಇತ್ತು" ಎಂದರು. "ಆದ್ರ ಅದು ಸಾಯೇಬ್ರದ್ದಲ್ಲ."

ನಾನು ತಲೆ ತಗ್ಗಿಸಿದೆ.

"ಅವರ ಅಪ್ಪ, ಅವ್ವ ಆ ಸುಡುಗಾಡದಾಗ ಮಲಗ್ಯಾರ. ಇಷ್ಟು ವರ್ಷದಾಗ ಒಮ್ಮಿನೂ ಅಲ್ಲಿ ಕುದುರಿ ಹಾಯಿಸಿಲ್ಲ ಅವ್ರು. ಸುತ್ತ ಹಾಕ್ಕೊಂಡು ಹೋಗಿ ಸೋತಾರ, ಹಾಯಿಸಿಲ್ಲ."

"ತಪ್ಪಾತು ಕಾಕಾ" ಎಂದೆ. ಅತ್ತುಬಿಟ್ಟೆ.

"ಅಳಬ್ಯಾಡ. ನನಗ ಸಮಾಧಾನ ಆಗ್ಲಿ ಅಂತ ಮಾಡೀದಿ. ಆದ್ರ ನಾಳೆ ಖರೇ ಕಾಗದ ಬಂದ್ರ ನಾನು ಹೆಂಗ ನಂಬ್ಲಿ, ಹೇಳು."

ಬೈದಿದ್ದರೆ ಹಗುರಾಗುತ್ತಿತ್ತೇನೋ. ಈ ಮಾತು ನನ್ನಲ್ಲಿ ಮುಳ್ಳಿನಂತೆ ಉಳಿಯಿತು. ಕೆಲವು ತಿಂಗಳು ನಾನು ಹಿಂದಿನ ಕೋಣೆಗೆ ಹೋಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವರೇ ಬಂದು ಬಾಗಿಲಲ್ಲಿ ನಿಂತರು. ಒಗೆದ ಧೋತರ, ಇಸ್ತ್ರಿ ಅಂಗಿ. ಕೈಯಲ್ಲಿ ಸಾಹೇಬರ ವಿಳಾಸವಿದ್ದ ಲಕೋಟೆ. "ಹಂಪಿಗೆ ಹೋಗೂಣ ಬಾ ತಂಗಿ. ನಿನ್ನ ಇಂಗ್ಲಿಷ್ ಬೇಕು" ಎಂದರು. ಆಗ ಹಂಪಿ ಬಜಾರಿನ ಕಲ್ಲಿನ ಮಂಟಪಗಳಲ್ಲಿ ಚಹಾದಂಗಡಿ, ಬಟ್ಟೆಯಂಗಡಿಗಳು ತುಂಬಿಕೊಂಡಿದ್ದವು, ಎಲ್ಲಿ ನೋಡಿದರೂ ಬಿಳಿಯ ಪ್ರವಾಸಿಗರು. ಅವರಲ್ಲಿ ಯಾರಾದರೂ ಸಾಹೇಬರ ಕಡೆಯವರು ಇರಬಹುದೆಂಬುದು ಇವರ ಲೆಕ್ಕ. ವಿಲಾಯತಿ ಎಷ್ಟು ದೊಡ್ಡದು ಎಂದು ನಾನು ಹೇಳಲು ಹೋಗಲಿಲ್ಲ.

ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರು ಒಬ್ಬೊಬ್ಬರ ಮುಂದೆ ನಿಲ್ಲುತ್ತಿದ್ದರು. ನಾನು ಬಾಯಿ ತೆರೆಯುವುದರೊಳಗೆ ಬಹುಪಾಲು ಜನ, ಏನೋ ಮಾರಲು ಬಂದ ಮುದುಕನೆಂದುಕೊಂಡು, "ನೋ, ಥ್ಯಾಂಕ್ಯೂ" ಎಂದು ಸರಿದು ಹೋಗುತ್ತಿದ್ದರು. ಹತ್ತು ಹನ್ನೆರಡು ಮಂದಿ ಆದ ಮೇಲೆ ಅವರು ಕೇಳಿದರು: "ನೋ ಥ್ಯಾಂಕ್ಯೂ ಅಂದ್ರ, ಗೊತ್ತಿಲ್ಲ ಅಂತೇನು?"

"ಹೌದು ಕಾಕಾ" ಎಂದೆ.

"ಪಾಪ, ಎಲ್ಲಾರೂ ಹೇಳೇ ಹೋಗ್ತಾರ ನೋಡು" ಎಂದರು.

ಹೀಗೆ ಮೂರು ಭಾನುವಾರ ಹೋದೆವು. ಮೂರನೆಯ ಸಲ ಒಂದು ಕಂಬದ ಚಿತ್ರ ಬರೆಯುತ್ತ ಕೂತಿದ್ದ ಹುಡುಗಿಯೊಬ್ಬಳು ಲಕೋಟೆ ತೆಗೆದುಕೊಂಡು ಓದಿದಳು. ಬಿಸಿಲಿಗೆ ಮೂಗು ಸುಲಿದಿತ್ತು. ಹೆಸರು ಹೆಲೆನ್ ಎಂದಳು. ತನ್ನ ಸೋದರತ್ತೆಯ ಮನೆಯಿಂದ ಲಕೋಟೆಯ ಮೇಲಿನ ಊರಿಗೆ ರೈಲಿನಲ್ಲಿ ಎರಡು ತಾಸು ಎಂದಳು. ನಾನು ಎಲ್ಲ ಕಥೆ ಹೇಳಿದೆ. ಅವಳು ಅರ್ಧಂಬರ್ಧ ನಂಬಿ, ನಮ್ಮ ಜೊತೆಯೇ ಬಸ್ಸು ಹತ್ತಿ ಚಿತ್ತವಾಡ್ಗಿಗೆ ಬಂದಳು. ಕೋಣೆಯೊಳಗೆ ಬಂದವಳೇ ಮೊದಲು ಜೋರಾಗಿ ನಕ್ಕಳು. ಆಮೇಲೆ ಮೇಜಿನ ಸುತ್ತ ಎರಡು ಸಲ ತಿರುಗಿದಳು. ಹೋಗುವಾಗ ಸೇತುವೆಯ ಬಳಿ ಆಟ ಎಲ್ಲಿ ನಿಂತಿದೆ ಎಂಬುದನ್ನು ತನ್ನ ಪುಸ್ತಕದಲ್ಲಿ ಗೀಚಿಕೊಂಡಳು.

ಐದು ತಿಂಗಳ ಮೇಲೆ ಅವಳ ಕಾಗದ ಬಂತು. ಈ ಸಲ ನಾನು ಅದನ್ನು ಒಡೆಯದೆ ತಂದು ಅವರ ಕೈಗೇ ಕೊಟ್ಟೆ, ಅವರು ಒಡೆದು ನನಗೆ ಕೊಟ್ಟರು. ಹೆಲೆನ್ ಆ ಊರಿಗೆ ಹೋಗಿದ್ದಳು. ಸಾಹೇಬರ ಮನೆಗೆ ಬೀಗ. ಅವರಿಗೆ ಲಕ್ವ ಹೊಡೆದು, ಹತ್ತಿರದ ಪೇಟೆಯ ವೃದ್ಧಾಶ್ರಮಕ್ಕೆ ಸೇರಿಸಿದ್ದರು. ಅಲ್ಲಿಗೂ ಹೋದಳು. ಮಾತು ನಿಂತಿತ್ತು, ಬಲಗೈ ಏಳುತ್ತಿರಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹೊಸಪೇಟೆ ಎಂದರೂ ತಿರುಗಲಿಲ್ಲ. "ಸೇತುವೆಯ ಬಳಿ ನಿಮ್ಮ ದಾಳಕ್ಕಾಗಿ ಮೌನಪ್ಪ ಕಾಯುತ್ತಿದ್ದಾರೆ" ಎಂದು ಹೇಳಿದಾಗ ಮಾತ್ರ ಎಡಗೈ ಎತ್ತಿದರಂತೆ. ಹೆಬ್ಬೆರಳು ಮಡಿಸಿ ನಾಲ್ಕು ಬೆರಳು ತೋರಿಸಿದರಂತೆ. ನಾಲ್ಕು ಗಂಟೆಯ ಚಹಾ ಕೇಳುತ್ತಿರಬೇಕು ಎಂದು ಅಲ್ಲಿಯ ನರ್ಸ್ ಹೇಳಿದಳು, ನನಗೂ ಹಾಗೇ ಅನ್ನಿಸಿತು, ಆದರೂ ಇದ್ದದ್ದನ್ನು ಬರೆದಿದ್ದೇನೆ ಎಂದಿದ್ದಳು ಹೆಲೆನ್.

"ಇನ್ನೊಮ್ಮೆ ಓದು" ಎಂದರು. ಓದಿದೆ.

ಮೌನಪ್ಪನವರು ಎದ್ದು ಹೋಗಿ ಅಳತೆಕೋಲು ತೆಗೆದುಕೊಂಡರು. ಸೇತುವೆಯ ಮೇಲಿದ್ದ ರಾಜನ ಕಾಲಾಳುಗಳನ್ನು ಒಬ್ಬೊಬ್ಬರನ್ನಾಗಿ ಎತ್ತಿ, ಆರು ಇಂಚು ಹಿಂದಕ್ಕೆ, ಗಿರಣಿಯ ಆಚೆ ಇಟ್ಟರು. ಒಮ್ಮೆ ಸುಳ್ಳು ಓದಿದವಳು ನಾನು. ಈ ಸಲ ಸುಮ್ಮನಿರಲಾಗಲಿಲ್ಲ. "ಕಾಕಾ, ಅದು ಚಹಾದ್ದೂ ಇರಬಹುದು" ಎಂದೆ.

"ಇರಬೋದು" ಎಂದರು, ತಿರುಗಿ ನೋಡದೆ. ಅಳತೆಕೋಲು ಕೆಳಗಿಟ್ಟು, "ಐದು ಬೆರಳೂ ಎತ್ತಬೋದಿತ್ತಲ್ಲ. ಹೆಬ್ಬೆರಳು ಮಡಚ್ಯಾರ. ಸೋಲೋ ಅಂಕಿ ತೋರ್ಸ್ಯಾರ ತಂಗಿ. ಅವ್ರು ಹಂಗ" ಎಂದರು.

ಅವತ್ತೇ ಆಶ್ರಮದ ವಿಳಾಸಕ್ಕೆ ಕಾಗದ ಬರೆಸಿದರು. "ಗೆದ್ದೆ ಅಂತ ಬಡೀಬ್ಯಾಡ. ಸೇತುವಿ ದಾಟೀನಿ, ನಿಮ್ಮ ಸರದಿ ಅಂತ ಬಡಿ."

ಆ ಸರದಿ ಬರಲಿಲ್ಲ. ಮರುವರ್ಷ ಹೆಲೆನ್ ಎರಡು ಸಾಲು ಬರೆದಳು, ಸಾಹೇಬರು ತೀರಿಕೊಂಡರು, ತಂದೆತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದರು ಎಂದು. ಮೌನಪ್ಪನವರು ತಗಡಿನ ಪೆಟ್ಟಿಗೆ ತೆಗೆದು, ಎರಡೂ ಕಡೆಯ ಸೈನಿಕರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹತ್ತಿಯಲ್ಲಿ ಸುತ್ತಿ ಜೋಡಿಸಿದರು. ಎರಡು ದಿನ ಹಿಡಿಯಿತು. ಆಟ ಬೇರೆ ಯಾರ ಜೊತೆಗಾದರೂ ಮುಂದುವರಿಸಬಹುದಲ್ಲ ಎಂದೆ. ನಾನೇ ಆಡುತ್ತೇನೆ ಎಂದೂ ಹೇಳಿದೆ. "ಬ್ಯಾಡವ್ವ. ಊರಿಗೂ ಸಾಕಾಗಿರ್ತೈತಿ. ಇನ್ನ ಸುಮ್ಮನ ಇರ್ಲಿ" ಎಂದರು. ಸೈನಿಕರಿಲ್ಲದ ಆ ಊರಿನ ಬೀದಿಗಳು ನನಗೆ ಮೊದಲ ಸಲ ಬಿಕೋ ಎಂದು ಕಂಡವು. ಮನೆಗಳೆಲ್ಲ ಇದ್ದವು, ಬಾಗಿಲುಗಳೆಲ್ಲ ಇದ್ದವು, ಯಾರೂ ಇರಲಿಲ್ಲ.

ಅವ್ವ ಹೋದ ಮೇಲೆ, ತಡವಾಗಿಯಾದರೂ, ನನಗೆ ಮದುವೆಯಾಯಿತು. ಗಂಡ ಸಂಡೂರಿನಲ್ಲಿ ಮ್ಯಾಥ್ಸ್ ಮೇಷ್ಟ್ರು. ನಾನು ವರ್ಗ ಮಾಡಿಸಿಕೊಂಡು ಹೊರಟೆ. ನಮ್ಮ ಎರಡು ಕೋಣೆಗಳನ್ನು ಮೌನಪ್ಪನವರು ಮತ್ತೆ ಬಾಡಿಗೆಗೆ ಕೊಡಲಿಲ್ಲ. ಆಗೊಮ್ಮೆ ಈಗೊಮ್ಮೆ ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ಅವರ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಕೊಳ್ಳಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದರೆ ನಕ್ಕರು. ಬೆರಳುಗಳಿಂದ ಚಾವಣಿಗಳನ್ನು ತಡವಿ, ಎಲ್ಲಿ ನಾರು ಸಡಿಲಾಗಿದೆ ಎಂದು ಹುಡುಕಿ, ಅಂಟು ಹಾಕುತ್ತಿದ್ದರು. "ಮಳಿ ಭಾಳ ಬರ್ತೈತಿ ಅಲ್ಲಿ. ಸೋರಬಾರ್ದು" ಎಂದರು. ಬೀಳ್ಕೊಡುವಾಗ ಕಟ್ಟೆಯವರೆಗೆ ಬಂದು, ನಾನು ಇನ್ನೂ ಅಲ್ಲೇ ನಿಂತಿದ್ದರೂ ಬಸ್ ಸ್ಟ್ಯಾಂಡಿನ ಕಡೆ ನೋಡಿ "ಹುಷಾರಾಗಿ ಹೋಗವ್ವ" ಎಂದು ಕೈ ಎತ್ತಿದರು. ನಾನು ಹೊರಟುಹೋಗಿದ್ದೇನೆ ಎಂದುಕೊಂಡಿದ್ದರು.

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಹದಿನೈದು ದಿನ ತಡವಾಗಿ. ಹೋದಾಗ ಮನೆಯಲ್ಲಿ ಮಗಳು ಕಾಳಮ್ಮ ಒಬ್ಬಳೇ ಇದ್ದಳು, ಪಾತ್ರೆ ಪಡಗ ಕಟ್ಟುತ್ತಿದ್ದಳು. ಮನೆ ಮಾರುವುದೆಂದು ಮಾತಾಗಿತ್ತು. ಹಿಂದಿನ ಕೋಣೆಯ ಹಲಗೆಯ ಮೇಲೆ ತನ್ನ ಎರಡು ಹಳೆಯ ಸೀರೆ ಹೊದಿಸಿದ್ದಳು. ಬಾಗಿಲು ಸಣ್ಣದು, ಹಲಗೆ ಹೊರಗೆ ಹೋಗುವುದಿಲ್ಲ. ಕೊಯ್ಯಲು ತನಗೆ ಮನಸ್ಸು ಬರುತ್ತಿಲ್ಲ ಎಂದಳು. ಗಂಡ ನಾಳೆ ಗರಗಸ ತರುತ್ತಾನೆ ಎಂದಳು. ನಾನು ಸೀರೆ ಸರಿಸಿ ಸ್ಟೂಲಿನ ಮೇಲೆ ಕೂತೆ. ಅವಳು ಚಹಾ ತಂದುಕೊಟ್ಟು ಪಕ್ಕದಲ್ಲಿ ನಿಂತಳು.

"ಒಂದ್ ಮಾತು ಕೇಳ್ಲಾ ಅಕ್ಕಾರ? ಅಪ್ಪ ಇಷ್ಟು ವರ್ಷ ಇದನ್ನ ಕಟ್ಟಿದ. ನಾವೆಲ್ಲಾ ಸಾಯೇಬ್ರ ಊರು, ಸಾಯೇಬ್ರ ಊರು ಅಂತಿದ್ವಿ. ಇದರ ಹೆಸ್ರು ಏನ್ರಿ?"

ವರ್ಷಗಟ್ಟಲೆ ಪ್ರತಿ ಕಾಗದದ ಮೇಲೆ ನಾನು ಟೈಪು ಮಾಡಿದ್ದ ಹೆಸರು. "ಥ್ರಷ್‌ವರ್ತ್" ಎಂದೆ.

ಅವಳು ತುಟಿ ಕೂಡಿಸಿ ಒಮ್ಮೆ ಅಂದು ನೋಡಿದಳು, ಬರಲಿಲ್ಲ. ಇನ್ನೊಮ್ಮೆ ಹೇಳಿರಿ ಎಂದಳು, ಹೇಳಿದೆ. ಎರಡನೆಯ ಸಲವೂ ತಪ್ಪಿತು, ಮೂರನೆಯ ಸಲವೂ ತಪ್ಪಿತು. ನಕ್ಕಳು, ನಗುತ್ತಲೇ ಸೆರಗು ಬಾಯಿಗೆ ಹಿಡಿದುಕೊಂಡಳು. ಹೊರಗೆ ಓಣಿಯಲ್ಲಿ ಯಾರದೋ ಮೋಟಾರ್ ಸೈಕಲ್ ಹೋಯಿತು. ಆಮೇಲೆ ಮುಖ ಒರೆಸಿಕೊಂಡು, "ಚಹಾ ಆರ್ತೈತಿ, ಕುಡೀರಿ" ಎಂದಳು.